ದುಡಿದರೆ ಮಾಸಾಶನ ಬಂದ್

‘ಕೆಲ್ಸಕ್ಕೂ ಹೋಗ್ತಾನೆ, ಅಂಗವಿಕಲರ ಪೆನ್ಷನ್ನೂ ತಗೋತಾನೆ’ ಎಂದು ಗುಬ್ಬಿ ಬಸ್ಸಿನಲ್ಲಿ ಇಬ್ಬರು ಯಾರನ್ನೋ ಆಡಿಕೊಳ್ಳುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅನರ್ಹ ಪಿಂಚಣಿದಾರರನ್ನು ಹುಡುಕಲು ಕಂದಾಯ ಇಲಾಖೆ ಹೊರಟ ಮೇಲೆ ಊರೂರಲ್ಲೂ ಇದೇ ಮಾತು. ಸಿಟ್ಟು ಬಂದದ್ದು, ದುಡಿಯುವವನನ್ನು ಕಳ್ಳನಂತೆ ಕಾಣಿಸುವ ನಿಯಮದ ಮೇಲೆ.

ನಿಯಮ ಗೊತ್ತಿರುವುದೇ: ವಾರ್ಷಿಕ ವರಮಾನ 32 ಸಾವಿರ ರೂಪಾಯಿ ದಾಟಬಾರದು. ತಿಂಗಳಿಗೆ 2,667 ರೂಪಾಯಿಯೂ ಬೀಳದ ಲೆಕ್ಕ. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ನಮ್ಮ ರಾಜ್ಯದ ದಿನಗೂಲಿ 370. ಅಂಗವಿಕಲರು ಅರ್ಧ ಕೆಲಸ ಮಾಡಿದರೂ ಪೂರ್ತಿ ಕೂಲಿ ಎಂದು ಸರ್ಕಾರವೇ ರಿಯಾಯಿತಿ ಕೊಟ್ಟು ಕರೆಯಿತು. ನೂರು ದಿನ ಹೋದರೆ 37 ಸಾವಿರ. 87ನೇ ದಿನಕ್ಕೇ ಮಿತಿ ದಾಟಿತು! ಇದೇ ಸರ್ಕಾರ ಬಿಪಿಎಲ್ ಕಾರ್ಡಿಗೆ 1.20 ಲಕ್ಷದವರೆಗೂ ಬಡವರೆಂದು ಒಪ್ಪುತ್ತದೆ. ಒಂದೇ ಮನೆಯವರು ನ್ಯಾಯಬೆಲೆ ಅಂಗಡಿಯಲ್ಲಿ ಬಡವರು, ನಾಡಕಚೇರಿಯಲ್ಲಿ ಉಳ್ಳವರು.

ಆದಾಯ ಪ್ರಮಾಣಪತ್ರದ ಬಗ್ಗೆ ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ. ಜನರಿಂದ ಇಷ್ಟು ಸುಳ್ಳು ಹೇಳಿಸುವ ಕಾಗದ ಇನ್ನೊಂದಿಲ್ಲ. ತೆಂಗು, ಅಡಿಕೆ ತೋಟ ಇದ್ದವರೂ ಬೇಕಾದಷ್ಟೇ ಬರೆಸಿಕೊಂಡು ಬರುತ್ತಾರೆ; ತೋಟದ ಹುಟ್ಟುವಳಿ ಯಾವ ಕಂಪ್ಯೂಟರಿಗೂ ಕಾಣುವುದಿಲ್ಲ. ಪಿಎಫ್, ಇಎಸ್‌ಐ ಕಟ್ಟಿಸಿಕೊಂಡು ನೆಟ್ಟಗೆ ಕಾರ್ಖಾನೆಗೆ ಹೋಗುವವರ ಸಂಬಳ ಮಾತ್ರ ಪೈಸೆ ಪೈಸೆ ಕಾಣುತ್ತದೆ. ಸಿಕ್ಕಿಬೀಳುವವರು ಅವರೇ.

ಕುಣಿಗಲ್ ಕಡೆಯ ಒಬ್ಬ ತಾಯಿ ಮಗಳ ವಿಷಯ ಹೇಳಿದ್ದರು. ಹುಡುಗಿಗೆ ಕಿವಿ ಕೇಳಿಸದು, ಹೊಲಿಗೆಯಲ್ಲಿ ಕೈ ಬಲು ಚುರುಕು. ಗಾರ್ಮೆಂಟ್ಸ್‌ನಲ್ಲಿ ಕೆಲಸ ಸಿಕ್ಕಿತ್ತು. ತಾಯಿಯೇ ಬೇಡವೆಂದರು. ‘ಕೆಲ್ಸ ಇವತ್ತೈತೆ, ನಾಳಿಕ್ಕಿಲ್ಲ. ಪೆನ್ಷನ್ ಒಂದ್ಸಲ ನಿಂತ್ರೆ ಮತ್ತೆ ಮಾಡಿಸ್ಕೊಡೋರು ಯಾರು ಸಾರ್?’ ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಯುಡಿಐಡಿ ಕಾರ್ಡು, ಆದಾಯ ಪತ್ರ, ಆಧಾರ್ ಜೋಡಣೆ, ಗ್ರಾಮ ಆಡಳಿತಾಧಿಕಾರಿಯ ಪರಿಶೀಲನೆ ಎಂದು ಮತ್ತೆ ಮೊದಲಿನಿಂದ ಅಲೆಯಬೇಕು. ಹುಡುಗಿ ಮನೆಯಲ್ಲೇ ಉಳಿದಳು. ತಿಂಗಳ ಮಾಸಾಶನದ 800 ರೂಪಾಯಿ ಅವಳನ್ನು ಸಾಕಲೂ ಇಲ್ಲ, ದುಡಿಯಲು ಬಿಡಲೂ ಇಲ್ಲ.

ಗುಬ್ಬಿಯ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ತುಮಕೂರಿಗೆ ವಸಂತನರಸಾಪುರ ಕೈಗಾರಿಕಾ ಪ್ರದೇಶವಿದೆ, ಕುಣಿಗಲ್‌ಗೆ ಅಂಚೇಪಾಳ್ಯದ್ದಿದೆ. ಜಿಲ್ಲೆಗೆ ಕೆಲಸ ತಂದೆವೆಂದು ಎದೆ ತಟ್ಟಿಕೊಳ್ಳುವವರು, ಆ ಕೆಲಸಕ್ಕೆ ಹೋಗಲು ಹೆದರುವ ಇಂಥ ಮನೆಗಳ ಕಡೆಗೂ ಒಮ್ಮೆ ನೋಡಬೇಕು. ಕಾಲಿನ ಬಲ ಇಲ್ಲದವರು ದುಡಿಯಲು ಹೊರಟರೆ ಖರ್ಚು ಇಳಿಯುವುದಿಲ್ಲ, ಏರುತ್ತದೆ. ಬಸ್ ಹತ್ತಲಾಗದಿದ್ದರೆ ದಿನಾ ಆಟೊ. ಬ್ರಿಟನ್ನಿನಲ್ಲಿ ‘ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್’ ಎಂಬ ನೆರವು ಕೆಲಸದಲ್ಲಿರುವವರಿಗೂ ಸಿಗುತ್ತದೆ, ಆದಾಯ ಎಷ್ಟೆಂದು ಕೇಳದೆ. ವೈಕಲ್ಯದಿಂದ ಬೀಳುವ ಹೆಚ್ಚಿನ ಖರ್ಚಿಗೆ ಅದು.

ನಮ್ಮಲ್ಲೂ ಕಾನೂನಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಇತರರಿಗೆ ಇರುವ ಅಂಥದೇ ಯೋಜನೆಗಿಂತ ಅಂಗವಿಕಲರ ನೆರವು ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು. ಬಸವರಾಜ ಬೊಮ್ಮಾಯಿ 2021ರ ಜುಲೈನಲ್ಲಿ ಮುಖ್ಯಮಂತ್ರಿಯಾದ ದಿನವೇ ವೃದ್ಧರ ಮಾಸಾಶನವಾದ ಸಂಧ್ಯಾ ಸುರಕ್ಷಾವನ್ನು 1,200ಕ್ಕೂ ಶೇ 40ರಿಂದ 75ರ ವೈಕಲ್ಯ ಇರುವವರ ಮಾಸಾಶನವನ್ನು 600ರಿಂದ 800ಕ್ಕೂ ಏರಿಸಿದರು. 1,200ರ ಮೇಲೆ ಶೇ 25 ಸೇರಿಸಿದರೆ 1,500. ಕೊಡುವುದು 800. ಆಮೇಲೆ ಬಂದ ಸರ್ಕಾರ ಗೃಹಲಕ್ಷ್ಮಿಗೆ 2,000 ಕೊಟ್ಟಿತು, ಒಳ್ಳೆಯದೇ ಆಯಿತು. ಈ ಬಾಕಿ ಮಾತ್ರ ಅದರ ಕಣ್ಣಿಗೆ ಬೀಳಲಿಲ್ಲ.

ಆದಾಯ ಮಿತಿಯನ್ನು ಬಿಪಿಎಲ್‌ನ 1.20 ಲಕ್ಷಕ್ಕೆ ಸರಿಸಿ. ಕೆಲಸ ಸಿಕ್ಕವರ ಮಾಸಾಶನವನ್ನು ಎರಡು ವರ್ಷ ಮುಟ್ಟಬೇಡಿ. ಕೆಲಸ ಹೋದರೆ ಹೊಸ ಅರ್ಜಿಯಿಲ್ಲದೆ ಮುಂದುವರಿಸಿ. 1,500 ಕೊಡಬೇಕಾದಲ್ಲಿ 800 ಕೊಟ್ಟು ತಿಂಗಳಿಗೆ 700 ರೂಪಾಯಿ ಉಳಿಸಿಕೊಳ್ಳುತ್ತಿರುವುದು ಸರ್ಕಾರ. ತಪ್ಪಿತಸ್ಥರನ್ನು ಹುಡುಕುವುದಾದರೆ ವಿಧಾನಸೌಧದಿಂದಲೇ ಶುರುಮಾಡಲಿ.