ಬುದ್ಧಿಗೆ ಎಂಟು ಅಂಕ

ಮಕ್ಕಳ ಆಟವನ್ನು ಕಂಡಾಗ ಹಿರಿಯರಾದ ನಾವು ಕೇಳುವ ಪ್ರಶ್ನೆಯು ಸಾಮಾನ್ಯವಾಗಿ ಒಂದೇ: ಇದರಿಂದ ಬುದ್ಧಿ ಬೆಳೆಯುವುದೆ? ರಜೆಯ ದಿನಗಳಲ್ಲಿ ಮೊಮ್ಮಕ್ಕಳ ಚೀಲದೊಡನೆ ನಮ್ಮ ಗೋವಿನಕೋವಿಗೂ ಬಂದಿರುವ ಆಟವೊಂದರಲ್ಲಿ, ಬುದ್ಧಿಯನ್ನು ಬೆಳೆಯಿಸುವುದಕ್ಕೆ ಮೊದಲೇ ಅಳೆದು ಅಂಕೆಯಲ್ಲಿ ಬರೆದಿಡುವರು. ಆ ಅಂಕೆಯ ಬೆಲೆಯೇನೆಂಬುದನ್ನು ಈ ತಿಂಗಳು ವಿಚಾರಮಾಡೋಣ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಇದು 1974ರಲ್ಲಿ ಪ್ರಕಟವಾಯಿತು. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬನು ಸೂತ್ರಧಾರನಾಗಿ ಕಥೆಯನ್ನು ನಡೆಯಿಸುವನು. ಉಳಿದವರು ಒಂದೊಂದು ಪಾತ್ರವನ್ನು ವಹಿಸಿ, ತಾವು ಮಾಡುವುದೇನೆಂದು ಬಾಯಲ್ಲಿ ಹೇಳುವರು. ಫಲವು ಸಂದೇಹಾಸ್ಪದವಾದಲ್ಲಿ ಇಪ್ಪತ್ತು ಮುಖಗಳ ದಾಳವೊಂದು ತೀರ್ಮಾನಿಸುವುದು. ಪ್ರತಿಯೊಂದು ಪಾತ್ರಕ್ಕೂ ಬಲ, ಚುರುಕು, ದೇಹದಾರ್ಢ್ಯ, ಬುದ್ಧಿ, ವಿವೇಕ, ವರ್ಚಸ್ಸು ಎಂದು ಆರು ಗುಣಗಳುಂಟು. ಮೊದಲು ಇವನ್ನು ಮೂರು ದಾಳಗಳನ್ನು ಉರುಳಿಸಿ ಕೂಡಿಸುತ್ತಿದ್ದುದರಿಂದ 3ಕ್ಕೆ ಕಡಮೆಯಿಲ್ಲ, 18ಕ್ಕೆ ಹೆಚ್ಚಿಲ್ಲ. 2014ರ ನಿಯಮಗಳಲ್ಲಿ 15, 14, 13, 12, 10, 8 ಎಂಬ ಅಂಕಗಳನ್ನು ಆಟಗಾರನೇ ತನಗೆ ಬೇಕಾದಂತೆ ಹಂಚಿಕೊಳ್ಳುವ ಮಾರ್ಗವೂ ಇದೆ.

ಹೀಗೆ ಹಂಚುವಾಗ ಆ ಕಡೆಯ 8ನ್ನು ಬಹುಮಂದಿ ಎಲ್ಲಿಡುವರು ಬಲ್ಲಿರಾ? ಬುದ್ಧಿಯಲ್ಲಿ! ಖಡ್ಗ ಹಿಡಿದವನಿಗೆ ಬಲ ಬೇಕು, ಬಿಲ್ಲುಗಾರನಿಗೆ ಚುರುಕು ಬೇಕು, ಪ್ರಾಣ ಉಳಿಸಿಕೊಳ್ಳಲು ಎಲ್ಲರಿಗೂ ದೇಹದಾರ್ಢ್ಯ ಬೇಕು. ಗ್ರಂಥ ಹಿಡಿದ ಮಾಂತ್ರಿಕನೊಬ್ಬನಿಗೆ ಬುದ್ಧಿ ಬೇಕು. ಉಳಿದವರು ಅದನ್ನು ಬೇಡದ ಸರಕೆಂದು ಮೂಲೆಗೆ ತಳ್ಳುವರು. ನಮ್ಮ ಚದುರಂಗದಲ್ಲಾಗಲಿ ಪಗಡೆಯಲ್ಲಾಗಲಿ ಇಂಥ ಪೇಚಿಲ್ಲ. ಕಾಯಿಗೆ ಬುದ್ಧಿಯಿಲ್ಲ, ಇರುವುದೆಲ್ಲ ಆಡುವವನದು. ಇಲ್ಲಿ ಕಾಯಿಗೊಂದು ಬುದ್ಧಿ, ಆಡುವವನಿಗೊಂದು ಬುದ್ಧಿ. ಇವೆರಡೂ ಒಂದನ್ನೊಂದು ಒಪ್ಪದಿದ್ದರೆ ಗತಿಯೇನು?

ಕಳೆದ ರಜೆಯಲ್ಲಿ ನಮ್ಮ ಪಡಸಾಲೆಯಲ್ಲಿ ಈ ವ್ಯಾಜ್ಯವೇ ಹುಟ್ಟಿತು. ಕಥೆಯಲ್ಲಿ ಬಾಗಿಲೊಂದು ಮುಚ್ಚಿದೆ. ಗೋಡೆಯಲ್ಲಿ ಮೂರು ದೀಪದ ಗೂಡುಗಳು. ಎರಡರ ಮೇಲೆ ಮಸಿ ಹಿಡಿದಿದೆ, ಮೂರನೆಯದರ ಮೇಲೆ ಇಲ್ಲ. ಕಿರಿಯ ಮೊಮ್ಮಗನು, “ಹಾಗಾದರೆ ಅದರಲ್ಲಿ ದೀಪವನ್ನೇ ಹಚ್ಚಿಲ್ಲ, ಬೀಗದ ಕೈ ಅಲ್ಲೇ ಇದೆ” ಎಂದನು. ಅವನ ಪಾತ್ರವು ಮಲ್ಲ, ಬುದ್ಧಿ 8. ಬುದ್ಧಿ 15ರ ಮಾಂತ್ರಿಕನಾಗಿದ್ದ ಅಣ್ಣನು ಕೂಡಲೆ, “ನಿನಗೆ ಬುದ್ಧಿ ಎಂಟೇ. ಇದು ನಿನಗೆ ಹೊಳೆಯಕೂಡದು” ಎಂದು ತಡೆದನು. ಕಿರಿಯವನು ಶಾಲೆಯ ಅಂಕಪಟ್ಟಿಯಲ್ಲಿಯೂ ಅಣ್ಣನಿಗಿಂತ ಹಿಂದೆ. ಆ ಮಾತು ಪಾತ್ರಕ್ಕೆ ತಾಗಿತೋ ಹುಡುಗನಿಗೆ ತಾಗಿತೋ, ಅಂತೂ ಅವನು ಕಾಗದವನ್ನು ಮಡಿಸಿಟ್ಟು ಸುಮ್ಮನಾದನು. ವ್ಯಾಜ್ಯವು ನನ್ನ ಬಳಿಗೆ ಬಂದಿತು.

ಅಣ್ಣನ ವಾದವು ಹುರುಳಿಲ್ಲದ್ದಲ್ಲ. “ಅಜ್ಜ, ಬಲ 15 ಇದ್ದರೆ ಇವನು ಬಂಡೆ ಎತ್ತುತ್ತಾನೆ. ಅದಕ್ಕಾಗಿ ನಿಜವಾಗಿ ಈ ಮೇಜನ್ನು ಎತ್ತಿ ತೋರಿಸು ಎಂದು ಯಾರೂ ಕೇಳುವುದಿಲ್ಲ. ಬುದ್ಧಿಗೆ ಮಾತ್ರ ಅವನ ಸ್ವಂತದ್ದು ಏಕೆ?” ಎಂದನು.

ನಾನು ಮೊದಲು ಲೆಕ್ಕ ಕೇಳಿದೆನು. ನಿಯಮದಂತೆ 10 ಇದ್ದವನಿಗೆ ದಾಳದಲ್ಲಿ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. 8 ಇದ್ದವನಿಗೆ ಒಂದು ಕಳೆಯುವುದು. 15 ಇದ್ದವನಿಗೆ ಎರಡು ಕೂಡುವುದು. ಎಂದರೆ ಸಾಧಾರಣ ಮನುಷ್ಯನಿಗಿಂತ ಎಂಟರವನು ಇಪ್ಪತ್ತರಲ್ಲಿ ಒಂದು ಸಲ ಹೆಚ್ಚು ಸೋಲುವನು. ಹದಿನೈದರ ಪಂಡಿತನಿಗೂ ಅವನಿಗೂ ಇರುವ ಅಂತರವು ಇಪ್ಪತ್ತರಲ್ಲಿ ಮೂರೇ ಮುಖ. ಇಷ್ಟರಿಂದ ಒಬ್ಬನನ್ನು ಮೂಢನೆನ್ನುವುದು ಯಾವ ನ್ಯಾಯ?

ಬಳಿಕ ಶಾಸ್ತ್ರದ ಮಾತು. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಆರನೆಯ ಅಧಿಕರಣದ ಆರಂಭದಲ್ಲಿಯೇ, ರಾಜನ ಗುಣಗಳ ಪಟ್ಟಿಯಿದೆ. ಅಲ್ಲಿ ಪ್ರಜ್ಞೆಯು ಒಂದಲ್ಲ, ಎಂಟು: ಕೇಳುವ ಇಚ್ಛೆ, ಕೇಳುವಿಕೆ, ಗ್ರಹಣ, ಧಾರಣ, ವಿಜ್ಞಾನ, ಊಹ, ಅಪೋಹ, ತತ್ತ್ವಾಭಿನಿವೇಶ. (ಇಲ್ಲಿಯೂ ಎಂಟೇ ಬಂದುದನ್ನು ನೋಡಿ ಕಿರಿಯವನು ನಕ್ಕನು.) ಶೌರ್ಯ, ಶೀಘ್ರತೆ ಮೊದಲಾದುವು ಉತ್ಸಾಹಗುಣಗಳೆಂದು ಬೇರೆ. ಆಟದ ನಿಯಮವಾದರೋ ಜ್ಞಾಪಕವನ್ನೂ ತರ್ಕವನ್ನೂ ಒಂದೇ ಅಂಕೆಯೊಳಗೆ ತುರುಕಿದೆ. ಕೆಟ್ಟಿರುವುದು ಇಲ್ಲಿಯೇ.

ಗ್ರಹಣ, ಧಾರಣಗಳು ಪಾತ್ರದ ಪೂರ್ವಾರ್ಜಿತ. ಮಾಂತ್ರಿಕನು ಹಿಂದೆ ಓದಿದ ಗ್ರಂಥಗಳನ್ನು ನನ್ನ ಮೊಮ್ಮಗನು ಓದಿಲ್ಲ. ಆದುದರಿಂದ ಅಲ್ಲಿ ಅಂಕೆಯೇ ಮಾತನಾಡಬೇಕು. ಚರಿತ್ರೆ, ಮಂತ್ರವಿದ್ಯೆ, ಪ್ರಕೃತಿ, ಮತಧರ್ಮ ಇವುಗಳ ತಿಳಿವಳಿಕೆಯನ್ನು ನಿಯಮವೂ ಬುದ್ಧಿಯ ಅಂಕದ ಕೆಳಗೇ ಇರಿಸಿದೆ. ಹಾಳುಗುಡಿಯಲ್ಲಿ ಶಾಸನ ಸಿಕ್ಕಿದರೆ, ದಾಳವು ಒಪ್ಪಿದಾಗ, ಸೂತ್ರಧಾರನು ಅದನ್ನು ಓದಿ ಅವನ ಕಿವಿಯಲ್ಲಿ ಹೇಳತಕ್ಕದ್ದು. ಅದು ಅವನಿಗೆ ಸಲ್ಲಬೇಕಾದ ಸಾಲ. ಈ ಸಾಲವನ್ನು ಸೂತ್ರಧಾರರು ತೀರಿಸದೆ ಇರುವುದರಿಂದಲೇ ಬುದ್ಧಿಯು ಅಗ್ಗವಾಗಿದೆಯೆಂದು ನನ್ನ ಅಭಿಪ್ರಾಯ. ಮಾತಿನಲ್ಲಿ ಹಿಂಜರಿಯುವ ಮಗುವೂ ಇದರ ಆಸರೆಯಿಂದ ಪಂಡಿತನ ಪಾತ್ರವನ್ನು ವಹಿಸಬಲ್ಲದು.

ಊಹ, ಅಪೋಹಗಳಾದರೋ, ಇದು ಹೀಗಿರಬೇಕೆಂದು ಕಟ್ಟುವುದು, ಇದಲ್ಲವೆಂದು ತಳ್ಳುವುದು, ಮೇಜಿನ ಮುಂದೆ ಕುಳಿತ ಹುಡುಗನವು. ಅವನ್ನೂ ದಾಳಕ್ಕೆ ಒಪ್ಪಿಸಿದರೆ ಆಡುವವನಿಗೆ ಉಳಿಯುವುದೇನು? ಮಸಿಯಿಲ್ಲದ ಗೂಡನ್ನು ಕಂಡುದು ಊಹೆ. ಅದಕ್ಕೆ ಗ್ರಂಥ ಬೇಡ. ಅಡಿಗೆಮನೆಯ ಗೋಡೆಯನ್ನು ನೋಡಿದ್ದರೆ ಸಾಕು.

ತೀರ್ಪಿನಂತೆ ಬೀಗದ ಕೈ ಕಿರಿಯವನಿಗೆ ಸಂದಿತು. ಎಂಟನ್ನು ಅಳಿಸಿಬಿಡಲೇ ಎಂದು ಕೇಳಿದನು, ಬೇಡವೆಂದೆನು. ಬಾಗಿಲಿನಾಚೆ ಶಾಸನವೊಂದು ನಿಂತಿತ್ತು. ಓದುವ ಸರದಿ ಅಣ್ಣನದು. ಹದಿನೈದರ ಪಂಡಿತನು ಕೈಯುಜ್ಜಿ ದಾಳವನ್ನು ಉರುಳಿಸಿದನು. ಬಿದ್ದುದು ಎರಡು.