ಉಳಿದ ಐಸ್ ಟೀ ಯಾರ ಲೆಕ್ಕಕ್ಕೆ?

ಐಸ್ ಟೀ ಎಂದರೆ ನಮ್ಮ ಅಮ್ಮಿಗೆ ಇವತ್ತಿಗೂ ನಗು. "ಚಹಾ ಆರಿದೆ ಅಂತ ನಿಮ್ಮ ಅಬ್ಬಾ ಲೋಟ ವಾಪಸ್ ಕಳಿಸ್ತಾರೆ. ನೀವು ದುಡ್ಡು ಕೊಟ್ಟು ಆರಿದ್ದನ್ನೇ ಕುಡೀತೀರಾ?" ಎನ್ನುತ್ತಾರೆ. ಉರ್ದುವಿನಲ್ಲಿ ಇದಕ್ಕೆ ಇನ್ನೂ ಸ್ವಲ್ಪ ಖಾರ ಇದೆ, ಕನ್ನಡಕ್ಕೆ ಅಷ್ಟೇ ಬಂತು. ಆದರೆ ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲಿನಲ್ಲಿ ಪರೀಕ್ಷೆ ಬರೆದು ಹೊರಗೆ ಬಂದವರಿಗೆ ಅಮ್ಮಿಯ ಮಾತು ನೆನಪಾಗುವುದಿಲ್ಲ. 50 ರೂಪಾಯಿ ಕೊಟ್ಟು ಕುಡಿಯುತ್ತೇವೆ. ಆ ಲೋಟದಲ್ಲಿರುವ ಚಹಾ ಇವತ್ತಿನದೋ ನಿನ್ನೆಯದೋ ಎಂದು ಯಾರೂ ಕೇಳುವುದಿಲ್ಲ.

ಕಳೆದ ರಜೆಯಲ್ಲಿ ಮೂರು ವಾರ ನಾನು ಒಂದು ಫಾಸ್ಟ್‌ಫುಡ್ ಅಂಗಡಿಗೆ ಹಗಲು ಹೊತ್ತು ಕೆಲಸಕ್ಕೆ ಹೋಗಿದ್ದೆ. ನನ್ನ ಖಾಲಾ ಮಗ ಅಲ್ಲಿ ಒಂದು ವರ್ಷದಿಂದ ಇದ್ದಾನೆ. ಅವನಿಗೆ 21 ವರ್ಷ, ನಾನು ಭಾಯ್ ಎಂದೇ ಕರೆಯುವುದು. ಎಷ್ಟೋ ಕಡೆ ಐಸ್ ಟೀಗೆ ಸಿದ್ಧ ಪುಡಿ ಅಥವಾ ಸಿರಪ್ ಬರುತ್ತದೆ, ತಣ್ಣೀರು ಬೆರೆಸಿದರೆ ಮುಗಿಯಿತು. ಭಾಯ್ ಅಂಗಡಿಯಲ್ಲಿ ಮಾತ್ರ ಚಹಾಪುಡಿ ಹಾಕಿಯೇ ಮಾಡುತ್ತಿದ್ದರು.

ಐದು ಲೀಟರ್ ನೀರು ಚೆನ್ನಾಗಿ ಕುದಿಸಿ, ಒಲೆ ಆರಿಸಿ, 50 ಗ್ರಾಂ ಪುಡಿ ಹಾಕಿ ನಾಲ್ಕು ನಿಮಿಷ ಮುಚ್ಚಿಡಬೇಕು. ಹೆಚ್ಚು ಹೊತ್ತು ಬಿಟ್ಟರೆ ಒಗರು. ಸೋಸಿ, ಬಿಸಿ ಇರುವಾಗಲೇ ಅರ್ಧ ಕಿಲೋ ಸಕ್ಕರೆ ಕಲಸಬೇಕು, ಯಾಕೆಂದರೆ ತಣ್ಣಗಿನ ಚಹಾದಲ್ಲಿ ಸಕ್ಕರೆ ಬೇಗ ಕರಗದೆ ತಳದಲ್ಲೇ ಕೂರುತ್ತದೆ. ಆಮೇಲೆ ಹೊರಗೇ ಆರಬೇಕು. ಅವಸರ ಮಾಡಿ ಫ್ರಿಜ್‌ಗೆ ಇಟ್ಟರೆ ಬಣ್ಣ ಕಲಕಿದಂತೆ ಮಬ್ಬಾಗುತ್ತದೆ. ಅದು ಕೆಟ್ಟದ್ದಲ್ಲ. ಚಹಾದ ಒಗರು ಅಂಶ ಮತ್ತು ಕೆಫೀನ್ ತಣ್ಣಗಾದಾಗ ಸೇರಿಕೊಳ್ಳುವುದರಿಂದ ಹಾಗೆ ಕಾಣುತ್ತದೆ. ಆದರೆ ಗಿರಾಕಿ ಒಪ್ಪುವುದಿಲ್ಲ. ಕೊಡುವಾಗ ಲೋಟದ ತುಂಬ ಐಸ್, ಮೇಲೆ 200 ಮಿಲಿಲೀಟರ್ ಚಹಾ, ಅರ್ಧ ನಿಂಬೆ. ನಿಂಬೆ ಬಿದ್ದ ತಕ್ಷಣ ಚಹಾದ ಬಣ್ಣ ತಿಳಿಯಾಗುವುದನ್ನು ನೋಡಲು ನನಗೆ ಮೂರು ವಾರವೂ ಬೇಸರವಾಗಲಿಲ್ಲ. ಐಸ್ ತುಂಬಿಸಿ ಮೋಸ ಮಾಡುತ್ತಾರೆ ಎಂದು ನಮ್ಮ ಕ್ಲಾಸಿನಲ್ಲಿ ಹಲವರ ದೂರು. ಐಸ್ ಕರಗುತ್ತದೆ ಎಂದೇ ಚಹಾವನ್ನು ಗಟ್ಟಿಯಾಗಿ ಮಾಡಿರುತ್ತಾರೆ. ಕೇಳುವುದಿದ್ದರೆ ಆ ಐಸ್ ಕುಡಿಯುವ ನೀರಿನದೇ ಎಂದು ಕೇಳಿ.

ಅಮೆರಿಕದವರು ಇದನ್ನು ನಮಗಿಂತ ಎಷ್ಟೋ ಹೆಚ್ಚು ಕುಡಿಯುತ್ತಾರೆ. 1904ರ ಸೇಂಟ್ ಲೂಯಿಸ್ ಮೇಳದಲ್ಲಿ ಭಾರತದ ಚಹಾದ ಪ್ರಚಾರಕ್ಕೆ ಹೋಗಿದ್ದ ರಿಚರ್ಡ್ ಬ್ಲೆಚಿಂಡನ್ ಎಂಬವರು, ಸೆಕೆಗೆ ಯಾರೂ ಬಿಸಿ ಚಹಾ ಮುಟ್ಟದಿದ್ದಾಗ ಐಸ್ ಹಾಕಿ ಕೊಟ್ಟು ಇದನ್ನು ಕಂಡುಹಿಡಿದರು ಎಂಬ ಕಥೆ ಇದೆ. ಕಥೆ ಚೆನ್ನಾಗಿದೆ, ಆದರೆ 1879ರಲ್ಲೇ ವರ್ಜೀನಿಯಾದ ಒಂದು ಅಡುಗೆ ಪುಸ್ತಕದಲ್ಲಿ ಐಸ್ ಟೀ ಮಾಡುವ ವಿಧಾನ ಅಚ್ಚಾಗಿತ್ತು. ನನಗೆ ಬೇಕಾಗಿರುವುದು ಅದೇ ದೇಶದ ಇನ್ನೊಂದು ಮಾತು. ಅಲ್ಲಿನ ರೋಗ ನಿಯಂತ್ರಣ ಕೇಂದ್ರ 1996ರಲ್ಲಿ ಐಸ್ ಟೀ ಬಗ್ಗೆ ಕೊಟ್ಟ ಸೂಚನೆ ಹೀಗಿದೆ: ನೀರು ಸುಮಾರು 90 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು, ಪುಡಿ 3ರಿಂದ 5 ನಿಮಿಷ ನೆನೆಯಬೇಕು, ಮಾಡಿದ ಚಹಾವನ್ನು ಹೊರಗೆ 8 ಗಂಟೆಗಿಂತ ಹೆಚ್ಚು ಇಡಬಾರದು, ಪಾತ್ರೆಯನ್ನು ದಿನವೂ ತೊಳೆಯಬೇಕು. ಕೆಲವು ಗಂಟೆಗಳಲ್ಲಿ ಖರ್ಚಾಗುವಷ್ಟನ್ನೇ ಮಾಡಬೇಕು. ಚಹಾ ಸಿರಪ್‌ನಂತೆ ಲೋಳೆಯಾದರೆ ಕೆಟ್ಟಿದೆ ಎಂದು ಗೊತ್ತಾಗುತ್ತದೆ. ಅದಕ್ಕೆ ಮುಂಚೆ ಕಣ್ಣಿಗೆ ಏನೂ ಕಾಣದೆ ಇರಬಹುದು. ಎಲ್ಲಕ್ಕಿಂತ ಕೊಳಕು ಸೇರುವುದು ಪಾತ್ರೆಯ ನಲ್ಲಿಯಲ್ಲಿ. ಭಾಯ್ ಅದನ್ನು ಪ್ರತಿ ರಾತ್ರಿ ಬಿಚ್ಚಿ ತೊಳೆಯುತ್ತಾನೆ.

ಹಾಗಾದರೆ ರಾತ್ರಿ ಉಳಿದದ್ದನ್ನು ಚೆಲ್ಲಬೇಕು. ನನ್ನ ತಕರಾರು ಶುರುವಾಗುವುದು ಇಲ್ಲಿ.

ಒಂದು ಸಂಜೆ ಇದ್ದಕ್ಕಿದ್ದಂತೆ ಮಳೆ ಬಂತು. ಗಿರಾಕಿಗಳೆಲ್ಲ ಬಿಸಿ ಚಹಾ ಕೇಳಿದರು. ಒಂದು ಲೀಟರ್ ಐಸ್ ಟೀ ಉಳಿಯಿತು, ಭಾಯ್ ಚೆಲ್ಲಿದ. ಗಲ್ಲಾದ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ 250 ರೂಪಾಯಿ ಬರೆದರು. ಐದು ಲೋಟ, ಲೋಟಕ್ಕೆ 50. ಅವನ ದಿನಗೂಲಿ 400.

ಕಾಮರ್ಸ್ ವಿದ್ಯಾರ್ಥಿಗಳೇ, ಈ ಲೆಕ್ಕ ಒಮ್ಮೆ ನೋಡಿ. ಐದು ಲೀಟರ್‌ಗೆ ಪುಡಿ 25 ರೂಪಾಯಿ, ಸಕ್ಕರೆ 23 ರೂಪಾಯಿ, ಗ್ಯಾಸ್ ಸ್ವಲ್ಪ. ಚೆಲ್ಲಿದ ಒಂದು ಲೀಟರ್‌ನ ಅಸಲು ಹೆಚ್ಚೆಂದರೆ 12 ರೂಪಾಯಿ. ಅದರಲ್ಲಿ ಐಸ್ ಇರಲಿಲ್ಲ, ನಿಂಬೆ ಇರಲಿಲ್ಲ, ಬಡಿಸಿದ ಶ್ರಮವೂ ಇರಲಿಲ್ಲ. ಸ್ಟಾಕ್‌ಗೆ ಬೆಲೆ ಕಟ್ಟುವಾಗ ಕಾಸ್ಟ್ ಮತ್ತು ಮಾರುಕಟ್ಟೆ ಬೆಲೆಗಳಲ್ಲಿ ಯಾವುದು ಕಡಿಮೆಯೋ ಅದನ್ನು ಹಿಡಿಯಬೇಕು ಎಂದು ಅಕೌಂಟೆನ್ಸಿಯಲ್ಲಿ ಮೊದಲ ವರ್ಷವೇ ಕಲಿಯುತ್ತೇವೆ. ಮಾರಾಟವಾಗದ ಚಹಾಕ್ಕೆ ಲಾಭ ಸೇರಿಸಿ, ಆ ಲಾಭವನ್ನು ನೌಕರನಿಂದ ವಸೂಲು ಮಾಡುವುದು ಯಾವ ಅಕೌಂಟಿಂಗ್? ಮಳೆಯ ದಿನ ಮಾಲೀಕರಿಗೆ ಭಾಯ್‌ಗಿಂತ ಒಳ್ಳೆಯ ಗಿರಾಕಿ ಸಿಗಲಿಲ್ಲ ಎಂದೇ ಆಯಿತು.

ಇದು ಒಬ್ಬ ಹುಡುಗನ ಸಂಬಳದ ವಿಷಯ ಮಾತ್ರ ಅಲ್ಲ. 250 ರೂಪಾಯಿ ಹೋಗುತ್ತದೆ ಎಂದು ಗೊತ್ತಿರುವವನು ಮುಂದಿನ ಸಲ ಏನು ಮಾಡುತ್ತಾನೆ? ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಹೊಸ ಚಹಾಕ್ಕೆ ಬೆರೆಸುತ್ತಾನೆ. ಭಾಯ್ ಬೆರೆಸಲಿಲ್ಲ. ಅವನ ಜಾಗದಲ್ಲಿ ಮನೆ ಬಾಡಿಗೆ ಕಟ್ಟಬೇಕಾದ ಇನ್ನೊಬ್ಬ ಇದ್ದರೆ ಬೆರೆಸಿದರೂ ನಾನು ಅವನನ್ನು ಬೈಯಲಾರೆ. ಹಳೆಯ ಚಹಾ ನಮ್ಮ ಹೊಟ್ಟೆಗೆ ಬರುವ ದಾರಿ ಆ ಗಲ್ಲಾ ಪುಸ್ತಕದಿಂದಲೇ ಶುರುವಾಗುತ್ತದೆ.

ನನ್ನ ಬೆಂಚಿನ ಗೆಳೆಯನ ತಂದೆಯದು ಹೋಟೆಲ್. ಅವನು ಒಪ್ಪಲಿಲ್ಲ. "ದಂಡ ಇಲ್ಲ ಅಂದ್ರೆ ಹುಡುಗ್ರು ಬೇಕಾಬಿಟ್ಟಿ ಮಾಡ್ತಾರೆ ಕಣೋ, ದೋಸ್ತರಿಗೆಲ್ಲ ಪುಕ್ಕಟೆ ಕೊಡ್ತಾರೆ" ಎಂದ. ಅವನ ಮಾತಿನಲ್ಲಿ ನಿಜ ಇದೆ. ನಲ್ಲಿ ತಿರುಗಿಸದೆ ಹೋಗಿ ಚಹಾ ನೆಲಕ್ಕೆ ಹರಿದರೆ ಅದು ನೌಕರನ ನಿರ್ಲಕ್ಷ್ಯ. ಮಳೆ ಬಂದದ್ದು ಯಾರ ನಿರ್ಲಕ್ಷ್ಯ? ಕಾನೂನು ಮಾಡುವುದೂ ಇದೇ ವ್ಯತ್ಯಾಸವನ್ನು. ನೌಕರನ ಕೈಗೆ ಒಪ್ಪಿಸಿದ ವಸ್ತು ಅವನ ನಿರ್ಲಕ್ಷ್ಯದಿಂದಲೇ ನಷ್ಟವಾಗಿದ್ದರೆ ಮಾತ್ರ ಸಂಬಳದಲ್ಲಿ ಹಿಡಿಯಬಹುದು, ಆಗಲೂ ನಷ್ಟದಷ್ಟೇ ಹಿಡಿಯಬೇಕು, ಅದಕ್ಕೆ ಮೊದಲು ಅವನ ಮಾತು ಕೇಳಬೇಕು. 1936ರ ವೇತನ ಪಾವತಿ ಕಾಯ್ದೆಯಲ್ಲಿ ಈ ನಿಯಮ ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಭಾಯ್‌ಗೆ ಇದು ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಕೇಳಲಿಲ್ಲ, ಕೆಲಸ ಹೋಗುತ್ತದೆ ಎಂಬ ಭಯ. ಆ ಭಯವನ್ನು ನಾನು ಸುಮ್ಮನೆ ತಳ್ಳಿಹಾಕಲಾರೆ.

ನಮ್ಮ ಕಾಲೇಜಿನಲ್ಲೂ ಸಂಜೆ ಅಂಗಡಿ, ಬೇಕರಿ, ಜ್ಯೂಸ್ ಸೆಂಟರ್‌ಗಳಲ್ಲಿ ಕೆಲಸ ಮಾಡುವವರು ಕಡಿಮೆ ಇಲ್ಲ. ಹೇಳಿಕೊಳ್ಳಲು ಸಂಕೋಚ ಪಡುತ್ತಾರೆ, ಅಷ್ಟೇ. ಕೆಲಸಕ್ಕೆ ಸೇರುವ ದಿನವೇ ಸಂಬಳದ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: ಉಳಿದದ್ದು, ಕೆಟ್ಟದ್ದು ಯಾರ ಲೆಕ್ಕಕ್ಕೆ? ಮೊದಲ ದಿನ ಕೇಳುವುದು ಸುಲಭ, ಸಂಬಳ ಹಿಡಿದ ದಿನ ಕೇಳುವುದು ಕಷ್ಟ.

ಈ ಬೇಸಿಗೆಗೆ ನಮ್ಮ ಕ್ಯಾಂಟೀನ್‌ನಲ್ಲೂ ಐಸ್ ಟೀ ಬೇಕೆಂದು ಸೆಕೆಂಡ್ ಪಿಯುಸಿಯವರು ಕೇಳುತ್ತಿದ್ದಾರೆ. ಖಂಡಿತ ಬರಲಿ, ನಾನೂ ಸಾಲಿನಲ್ಲಿ ನಿಲ್ಲುತ್ತೇನೆ. ಆದರೆ ಒಂದೇ ಸಲ ಹತ್ತು ಲೀಟರ್ ಮಾಡುವುದು ಬೇಡ. ಮೊದಲ ಬಿಡುವಿಗೆ ಎರಡು ಲೀಟರ್, ಊಟದ ಬಿಡುವಿಗೆ ಮೂರು ಸಾಕು. ಪಾತ್ರೆಯ ಮೇಲೆ ಚಹಾ ಮಾಡಿದ ಸಮಯವನ್ನು ಮಾರ್ಕರ್‌ನಲ್ಲಿ ಬರೆದಿಡಲಿ. ಸಂಜೆ ಉಳಿದದ್ದನ್ನು ಚೆಲ್ಲಿ, ಅದರ ಅಸಲನ್ನು ಕ್ಯಾಂಟೀನ್ ಖರ್ಚಿಗೆ ಬರೆಯಲಿ. ಕೌಂಟರ್‌ನಲ್ಲಿರುವ ಚಾಚಾ ಅವರ ಹೆಸರಿಗೆ ಬರೆಯುವುದು ಬೇಡ ಎಂದು ಕ್ಯಾಂಟೀನ್ ಸಮಿತಿಯಲ್ಲಿ ನನ್ನ ವಿನಂತಿ.