ಬೀಗದ ಕೈ ನಿಮ್ಮದು, ಬೀರು ನಿಮ್ಮದಲ್ಲ

"ಮಾವನವರು ಉಯಿಲಿನಲ್ಲಿ ನನ್ನನ್ನು ಎಕ್ಸಿಕ್ಯೂಟರ್ ಅಂತ ಬರೆದು ಹೋಗಿದ್ದಾರೆ. ತಿಥಿಯ ದಿನವೇ ಒಡವೆ ಹಂಚಿಬಿಡಿ ಅಂತಾರೆ ನಾದಿನಿಯರು. ಏನು ಮಾಡಲಿ?" ಹೊಳೆನರಸೀಪುರದ ಸೋದರಿಯೊಬ್ಬರ ಪ್ರಶ್ನೆ ಇದು.

ಅವಸರ ಬೇಡಮ್ಮ. ತೀರಿಕೊಂಡವರ ಇಷ್ಟವನ್ನು ಉಯಿಲಿನಲ್ಲಿ ಇರುವಂತೆಯೇ ನಡೆಸಿಕೊಡುವವರು ಎಕ್ಸಿಕ್ಯೂಟರ್. ಬೀಗದ ಕೈ ನಿಮ್ಮ ಸೆರಗಿನಲ್ಲಿದ್ದರೂ ಒಡವೆ ನಿಮ್ಮದಾಗಲಿಲ್ಲ. ಕೇಳಿದವರಿಗೆಲ್ಲ ತೆಗೆದುಕೊಡುವ ಹಾಗೂ ಇಲ್ಲ.

ಮೊದಲು ಮರಣ ಪ್ರಮಾಣಪತ್ರ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿ: ಮನೆ, ಜಮೀನು, ಪಾಸ್‌ಬುಕ್, ಒಡವೆಯ ತೂಕ, ಬರಬೇಕಾದ ಬಾಕಿ, ಕೊಡಬೇಕಾದ ಸಾಲ. ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟವಿದ್ದರೆ, ಹಂಚುವ ತನಕ ಕಿತ್ತ ಕಾಯಿಯ ದುಡ್ಡೂ ಲೆಕ್ಕಕ್ಕೆ ಬರಬೇಕು.

ದುಡ್ಡು ಕೊಡುವುದಕ್ಕೂ ಒಂದು ಸರದಿ ಉಂಟು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಅಂತ್ಯಕ್ರಿಯೆ ಮತ್ತು ಕೊನೆಗಾಲದ ವೈದ್ಯರ ಖರ್ಚು ಮೊದಲು. ಕೋರ್ಟಿನ ಖರ್ಚಿದ್ದರೆ ಆಮೇಲೆ. ಅದಾದ ಮೇಲೆ, ಸಾವಿಗೆ ಮುಂಚಿನ 3 ತಿಂಗಳಲ್ಲಿ ದುಡಿದ ಕೂಲಿಯವರ, ಮನೆಗೆಲಸದವರ ಬಾಕಿ. ಅರಕಲಗೂಡಿನ ಹೊಲದಲ್ಲಿ ಆಲೂಗಡ್ಡೆ ಕಿತ್ತ ಹೆಂಗಸಿನ ಕೂಲಿ ನಾದಿನಿಯ ಸರಕ್ಕಿಂತ ಮುಂಚೆ! ಮುಂದೆ ಉಳಿದ ಸಾಲಗಳು. ಪಾಲು ಕಟ್ಟಕಡೆಗೆ.

ಇದನ್ನು ಹಿಂದುಮುಂದು ಮಾಡಿದರೆ? ಒಡವೆ ಹಂಚಿದ ಮೇಲೆ ಸಾಲದ ನೋಟೀಸು ಬಂದರೆ, ಆ ನಷ್ಟವನ್ನು ನೀವೇ ತುಂಬಿಕೊಡಬೇಕಾದೀತು. ಕೊಟ್ಟವಳು ಕೋಡಂಗಿ, ಇಸ್ಕೊಂಡವನು ಈರಭದ್ರ!

ಆದ್ದರಿಂದ ನಾದಿನಿಯರಿಗೆ ಮೆತ್ತಗೆ ಹೇಳಿ: ತೀರಿಕೊಂಡ ದಿನದಿಂದ 1 ವರ್ಷ ತುಂಬುವ ತನಕ ಪಾಲು ಕೊಡಲೇಬೇಕೆಂಬ ಬಲವಂತ ಕಾನೂನಿನಲ್ಲಿಲ್ಲ. ಜೊತೆಗೆ ಪಟ್ಟಿಯನ್ನೂ ತೋರಿಸಿ. ಮುಚ್ಚುಮರೆ ಇಲ್ಲದಿದ್ದರೆ ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತೆ. ಕೊಡುವಾಗ ರಸೀತಿಗೆ ಸಹಿ ಹಾಕಿಸಿಕೊಳ್ಳಿ. ಆ ಆಸ್ತಿಯಲ್ಲಿ ಏನನ್ನೂ ನೀವೇ ಕೊಂಡುಕೊಳ್ಳಬೇಡಿ. ಪಾಲುದಾರರು ಆ ಮಾರಾಟವನ್ನು ರದ್ದು ಮಾಡಿಸಬಹುದು.

ಪ್ರೊಬೇಟ್ ಎಂದರೆ ಉಯಿಲು ನಿಜವೆಂದು ಕೋರ್ಟು ಕೊಡುವ ಮುದ್ರೆ. ಹಾಸನ ಜಿಲ್ಲೆಯಲ್ಲಿ ಹಿಂದೂಗಳ ಉಯಿಲಿಗೆ ಅದು ಕಡ್ಡಾಯವಲ್ಲ. ಉಯಿಲೇ ಸುಳ್ಳು ಎಂದು ಯಾರಾದರೂ ತಕರಾರು ತೆಗೆದರೆ ಮಾತ್ರ ತಡಮಾಡದೆ ವಕೀಲರನ್ನು ಕಾಣಿ. ಈ ಹೊಣೆ ಹೊರಲಾರೆ ಎನಿಸಿದರೆ, ಯಾವ ಕೆಲಸಕ್ಕೂ ಕೈಹಾಕುವ ಮೊದಲೇ ಒಲ್ಲೆ ಎನ್ನಲೂಬಹುದು.

ಆದರೆ ಒಂದು ಮಾತು. ಮನೆಯಲ್ಲಿ ಅಷ್ಟು ಜನರಿರುವಾಗ ಮಾವನವರು ಸೊಸೆಯನ್ನೇ ಆರಿಸಿದ್ದಾರೆ. ನಿಮ್ಮ ಲೆಕ್ಕ ಚೊಕ್ಕಟ ಅಂತ ಅವರಿಗೆ ಗೊತ್ತಿತ್ತು, ಅಲ್ಲವೇ?